ಪಥಿಕಶಾಲೆಗಳಲ್ಲಿ ಕಲಾಪ್ರದರ್ಶನ: ನಾಣೇಘಾಟದಿಂದ ದೇವನಹಳ್ಳಿಯವರೆಗೆ

೧

ಸಹ್ಯಾದ್ರಿಯ ಸಾಲಿನಲ್ಲಿ, ಈಗಿನ ಪುಣೆ ಜಿಲ್ಲೆಯ ಜುನ್ನರಕ್ಕೆ ಸಮೀಪದಲ್ಲಿ, ನಾಣೇಘಾಟವೆಂಬ ಪುರಾತನ ಘಟ್ಟಮಾರ್ಗವೊಂದುಂಟು. ಕಲ್ಯಾಣ, ಶೂರ್ಪಾರಕ ಮೊದಲಾದ ಕೊಂಕಣದ ರೇವುಗಳಿಂದ ಪ್ರತಿಷ್ಠಾನನಗರಕ್ಕೆ ಸರಕನ್ನು ಸಾಗಿಸುತ್ತಿದ್ದ ವರ್ತಕರು ಈ ಘಟ್ಟವನ್ನೇರಿ ಬರುತ್ತಿದ್ದರು. ಘಟ್ಟದ ನೆತ್ತಿಯ ಬಳಿ ಬಂಡೆಯನ್ನು ಕೊರೆದು ಮಾಡಿದ ಗುಹೆಯೊಂದಿದೆ. ಕ್ರಿ. ಪೂ. ಮೊದಲನೆಯ ಶತಮಾನದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುವ ಈ ಗುಹೆಯ ಗೋಡೆಗಳ ಮೇಲೆ ಶಾತವಾಹನರ ರಾಣಿ ನಾಗನಿಕೆಯ ಶಾಸನವಿದ್ದು, ರಾಜಕುಲದವರು ಮಾಡಿದ ಅಶ್ವಮೇಧಾದಿ ಯಜ್ಞಗಳೂ ಕೊಟ್ಟ ದಕ್ಷಿಣೆಗಳೂ ಅದರಲ್ಲಿ ಎಣಿಸಲ್ಪಟ್ಟಿವೆ. ಹಿಂಬದಿಯ ಗೋಡೆಯಲ್ಲಿ ಆ ಕುಲದವರ ಪ್ರತಿಮೆಗಳನ್ನು ಸಾಲಾಗಿ ಕಂಡರಿಸಿ, ಇದು ಸಿಮುಕ ಶಾತವಾಹನನದು, ಇವು ದೇವಿ ನಾಗನಿಕೆಯದೂ ಶ್ರೀ ಶಾತಕರ್ಣಿಯದೂ ಎಂದು ಅವುಗಳ ನೆತ್ತಿಯ ಮೇಲೆ ಹೆಸರುಗಳನ್ನು ಬರೆಯಿಸಿದ್ದರು. ಆ ಪ್ರತಿಮೆಗಳು ಈಗ ಇಲ್ಲ. ಪಾದಗಳ ಗುರುತು ಅಲ್ಲಲ್ಲಿ ಕಾಣುವುದಷ್ಟೆ. ಹೆಸರುಗಳು ಮಾತ್ರ ಉಳಿದಿವೆ.

ದಣಿದು ಬಂದ ದಾರಿಹೋಕನು ಅರೆಗಳಿಗೆ ನಿಲ್ಲುವ ಸ್ಥಳದಲ್ಲಿ, ಆ ನಾಡು ತನ್ನನ್ನು ಆತನಿಗೆ ಪರಿಚಯಿಸಿಕೊಳ್ಳುವ ಪದ್ಧತಿಯು ಎಷ್ಟು ಹಳೆಯದೆಂಬುದಕ್ಕೆ ನಾಣೇಘಾಟವು ಸಾಕ್ಷಿಯಾಗಿದೆ. ಪಥಿಕರ ಉಪಚಾರವೂ ನಮ್ಮ ದೇಶದಲ್ಲಿ ಪುರಾತನವಾದುದೇ. ಅಶೋಕನು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದುದನ್ನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಕನ್ನಡ ಶಾಸನಗಳಲ್ಲಿ ಅರವಟ್ಟಿಗೆಗಳಿಗೂ ಸತ್ರಗಳಿಗೂ ಬಿಟ್ಟ ದತ್ತಿಗಳು ಮತ್ತೆಮತ್ತೆ ಬರುವುವು. ಧರ್ಮಶಾಸ್ತ್ರಕಾರರು ಯಜ್ಞಾದಿಗಳನ್ನು ಇಷ್ಟವೆಂದೂ, ವಾಪೀ ಕೂಪ ತಟಾಕ ದೇವಾಲಯ ಅನ್ನದಾನ ಆರಾಮಗಳನ್ನು ಪೂರ್ತವೆಂದೂ ವಿಭಾಗಿಸಿ, ಎರಡನೆಯದರಲ್ಲಿ ಸರ್ವರಿಗೂ ಅಧಿಕಾರವನ್ನು ಕೊಟ್ಟಿರುವರು.

ಇಂದಿನ ಕಾಲದ ಪಥಿಕಶಾಲೆಯೆಂದರೆ ಟರ್ಮಿನಲ್ ಎಂದು ವ್ಯವಹಾರದಲ್ಲಿರುವ ವಿಮಾನನಿಲ್ದಾಣದ ಮಂದಿರ. ಅಲ್ಲಿ ಸ್ಥಳೀಯವಾದ ಚಿತ್ರ, ಶಿಲ್ಪ, ಕುಶಲಕರ್ಮಗಳನ್ನು ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಇಡುವ ರೂಢಿಯು ಈಗ ಲೋಕವ್ಯಾಪಿಯಾಗಿದೆ. ಈ ರೂಢಿಯು ಹುಟ್ಟಿ ಬೆಳೆದ ಬಗೆಯನ್ನೂ, ಅದರಿಂದ ಕನ್ನಡನಾಡು ಕಲಿಯಬೇಕಾದುದನ್ನೂ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಈ ಚರಿತ್ರೆಯ ಪ್ರಥಮಾಧ್ಯಾಯವು ಅಮೆರಿಕಾದ ಸಂಯುಕ್ತಸಂಸ್ಥಾನಗಳಲ್ಲಿ ನಡೆಯಿತು. ೧೯೨೯ರ ಅನಂತರದ ಆರ್ಥಿಕ ದುರ್ಭಿಕ್ಷದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಚಿತ್ರಕಾರರಿಗೆ ಅಲ್ಲಿನ ಸರಕಾರವು ೧೯೩೫ರಲ್ಲಿ ಒಂದು ಯೋಜನೆಯನ್ನು ಹೂಡಿ, ಸಾರ್ವಜನಿಕ ಕಟ್ಟಡಗಳ ಗೋಡೆಗಳನ್ನು ಚಿತ್ರಿಸುವ ಕೆಲಸವನ್ನು ಕೊಟ್ಟಿತು. ಹೀಗೆ ಕೆಲಸ ಪಡೆದವರಲ್ಲಿ ಅರ್ಶೀಲ್ ಗೋರ್ಕಿ ಎಂಬಾತನೊಬ್ಬ. ಈತನು ಆಟೋಮನ್ ಸಾಮ್ರಾಜ್ಯದ ವಾನ್ ಸರೋವರದ ಬಳಿ ಹುಟ್ಟಿದ ಆರ್ಮೇನಿಯನನು. ತನ್ನ ಜನದ ಮಹಾಸಂಹಾರದಲ್ಲಿ ಊರನ್ನು ಕಳೆದುಕೊಂಡು, ೧೯೧೯ರಲ್ಲಿ ತಾಯಿಯು ಹಸಿವಿನಿಂದ ಸತ್ತುದನ್ನು ಕಂಡು, ೧೯೨೦ರಲ್ಲಿ ಅಮೆರಿಕವನ್ನು ಸೇರಿದವನು. ನ್ಯೂಯಾರ್ಕಿಗೆ ಸಮೀಪದ ನೆವಾರ್ಕ್ ವಿಮಾನನಿಲ್ದಾಣಕ್ಕಾಗಿ ಇವನು ಹತ್ತು ದೊಡ್ಡ ಚಿತ್ರಪಟಗಳನ್ನು ರಚಿಸಿದನು. ಅವನ್ನು ೧೯೩೭ರಲ್ಲಿ ಅಲ್ಲಿ ಅಳವಡಿಸಿದರು. ವಿಮಾನದ ರೆಕ್ಕೆ, ಚಕ್ರ, ಯಂತ್ರಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಅವುಗಳ ಆಕಾರಸಾರವನ್ನು ಮಾತ್ರ ಬಣ್ಣದಲ್ಲಿ ಹಿಡಿದಿದ್ದ ಈ ರಚನೆಗಳು ಆ ಕಾಲದ ನೋಟಕರಲ್ಲಿ ಅನೇಕರಿಗೆ ಅರ್ಥವಾಗಲಿಲ್ಲ. ಮಹಾಯುದ್ಧದ ಕಾಲದಲ್ಲಿ ನಿಲ್ದಾಣವು ಸೈನ್ಯದ ಕೈಸೇರಿತು. ಅನಂತರ ಗೋಡೆಗಳ ಮೇಲೆ ಸುಣ್ಣಬಣ್ಣಗಳು ಪದರಪದರವಾಗಿ ಬಿದ್ದುವು. ಚಿತ್ರಗಳು ಇದ್ದುವೆಂಬುದೂ ಮರೆತುಹೋಯಿತು. ೧೯೭೦ರ ದಶಕದಲ್ಲಿ ಆ ಪದರಗಳನ್ನು ಕೆರೆದು ನೋಡಿದಾಗ ಹತ್ತರಲ್ಲಿ ಎರಡು ದೊರೆತುವು. ೧೯೪೮ರಲ್ಲಿ ತೀರಿಕೊಂಡ ಗೋರ್ಕಿಯು ಇದನ್ನು ಕಾಣಲಿಲ್ಲ. ಉಳಿದ ಆ ಎರಡು ಪಟಗಳು ನೆವಾರ್ಕಿನ ಕಲಾಸಂಗ್ರಹಾಲಯವನ್ನು ಸೇರಿದುವು.

ಎರಡನೆಯ ದೃಷ್ಟಾಂತವು ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದ್ದು. ನೀರಿನಿಂದೇಳುವ ವಿಮಾನಗಳಿಗಾಗಿ ೧೯೪೦ರಲ್ಲಿ ಅಲ್ಲಿ ತೆರೆದ ವರ್ತುಲಾಕಾರದ ಮಂದಿರದಲ್ಲಿ ಜೇಮ್ಸ್ ಬ್ರೂಕ್ಸ್ ಎಂಬ ಚಿತ್ರಕಾರನು, ೧೨ ಅಡಿ ಎತ್ತರವಾಗಿಯೂ ಸುಮಾರು ೨೩೫ ಅಡಿ ಉದ್ದವಾಗಿಯೂ ಗೋಡೆಯನ್ನು ಸುತ್ತುವರಿದಿರುವ ಭಿತ್ತಿಚಿತ್ರವನ್ನು ೧೯೪೨ರಲ್ಲಿ ಮುಗಿಸಿದನು. ಗ್ರೀಕರ ಪುರಾಣದಲ್ಲಿ ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿದ ಇಕಾರಸನಿಂದ ಮೊದಲ್ಗೊಂಡು ಲಿಯೊನಾರ್ಡೊ ಮತ್ತು ರೈಟ್ ಸೋದರರವರೆಗೆ ಮನುಷ್ಯನ ಹಾರಾಟದ ಕಥೆ ಅದರಲ್ಲಿದೆ. ೧೯೫೨ರಲ್ಲಿ ನಿಲ್ದಾಣದ ಅಧಿಕಾರಿಗಳು ಅದರ ಮೇಲೆಯೂ ಬಣ್ಣ ಬಳಿಸಿದರು. ಅದರಲ್ಲಿ ಸಮತಾವಾದದ ವಾಸನೆಯನ್ನು ಕೆಲವರು ಶಂಕಿಸಿದುದೇ ಕಾರಣವೆಂಬ ಅಭಿಪ್ರಾಯವು ಬಹುಕಾಲದಿಂದ ಪ್ರಚಲಿತವಾಗಿದೆ. ಇಲ್ಲಿ ಸುಕೃತವಶದಿಂದ ಚಿತ್ರವು ಪೂರ್ತಿ ನಾಶವಾಗಿರಲಿಲ್ಲ. ವಿಮಾನಯಾನದ ಚರಿತ್ರಕಾರನೊಬ್ಬನ ಪ್ರಯತ್ನದಿಂದಲೂ ಉದಾರಿಗಳ ಧನಸಹಾಯದಿಂದಲೂ ಮೇಲಿನ ಬಣ್ಣವನ್ನು ತೆಗೆದು ೧೯೮೦ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದರು. ಕಟ್ಟಡವನ್ನೂ ರಕ್ಷಿತಸ್ಮಾರಕವೆಂದು ಸಾರಿದರು. ಬ್ರೂಕ್ಸನು ಆಗ ಬದುಕಿದ್ದನು.

ಈ ಎರಡು ಪ್ರಸಂಗಗಳಲ್ಲಿ ಗಮನಾರ್ಹವಾದ ಅಂಶವೊಂದಿದೆ. ಚಿತ್ರ ಬರೆಯಿಸುವುದಕ್ಕೆ ಸರಕಾರದ ಯೋಜನೆಯಿದ್ದಿತು, ಹಣವಿದ್ದಿತು, ಚಿತ್ರಕಾರನಿದ್ದನು. ಬರೆದಾದ ಮೇಲೆ ಅದನ್ನು ಕಾಯುವ ಹೊಣೆ ಯಾರದೆಂಬುದು ಮಾತ್ರ ನಿಶ್ಚಿತವಾಗಿರಲಿಲ್ಲ. ಕಟ್ಟಡದ ಒಡೆಯನಿಗೆ ಅದು ಗೋಡೆ; ಗೋಡೆಗೆ ಕಾಲಕಾಲಕ್ಕೆ ಬಣ್ಣ ಬಳಿಯುವುದು ಆತನ ಕರ್ತವ್ಯ. ದ್ವೇಷದಿಂದ ಕೆಟ್ಟ ಚಿತ್ರಕ್ಕಿಂತ ಇಂಥ ನಿರ್ಲಕ್ಷ್ಯದ ಕರ್ತವ್ಯದಿಂದ ಕೆಟ್ಟ ಚಿತ್ರಗಳೇ ಲೋಕದಲ್ಲಿ ಹೆಚ್ಚು. ನಮ್ಮ ದೇವಾಲಯಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಸುಣ್ಣದ ಕೆಳಗೆ ಹೂತುಹೋದ ಶಾಸನಗಳನ್ನೂ ವರ್ಣಚಿತ್ರಗಳನ್ನೂ ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಕೆನಡಾ ದೇಶದ ಗ್ಯಾಂಡರ್ ನಿಲ್ದಾಣದ ಚಿತ್ರವು ಉಳಿದುದಕ್ಕೆ ಕಾರಣವು ಇದಕ್ಕೆ ವಿಪರೀತವಾದುದು. ಅಟ್ಲಾಂಟಿಕ್ ಸಾಗರವನ್ನು ದಾಟುವ ವಿಮಾನಗಳು ಇಂಧನಕ್ಕಾಗಿ ಇಳಿಯುತ್ತಿದ್ದ ಆ ಊರಿನಲ್ಲಿ ೧೯೫೯ರಲ್ಲಿ ಎಲಿಜಬೆತ್ ರಾಣಿಯು ಹೊಸ ಮಂದಿರವನ್ನು ತೆರೆದಳು. ಅಲ್ಲಿ ಕೆನೆತ್ ಲೊಖೆಡ್ ಎಂಬಾತನು ಮೊಟ್ಟೆಯ ಲೋಳೆಯಲ್ಲಿ ಕಲಸಿದ ಬಣ್ಣದಿಂದ ೭೨ ಅಡಿ ಉದ್ದದ ಭಿತ್ತಿಚಿತ್ರವನ್ನು ಬರೆದನು. ಸ್ವಲ್ಪಕಾಲದಲ್ಲಿಯೇ ಇಂಧನಕ್ಕಾಗಿ ಇಳಿಯುವ ಅಗತ್ಯವಿಲ್ಲದ ಜೆಟ್ ವಿಮಾನಗಳು ಬಂದುವು, ಗ್ಯಾಂಡರ್ ಬರಿದಾಯಿತು. ಬದಲಾಯಿಸುವ ಅವಸರ ಯಾರಿಗೂ ಇಲ್ಲದ್ದರಿಂದ ಆ ಶಾಲೆಯು ೧೯೫೯ರ ರೂಪದಲ್ಲಿಯೇ ನಿಂತಿತು. ಜನಸಂಚಾರವಿಲ್ಲದ ದಾರಿಯ ದೇವಾಲಯವು ಕೆಲವು ವೇಳೆ ಹೆಚ್ಚು ಕೆಡದೆ ಉಳಿಯುವಂತೆಯೇ ಇದು. ಆದರೆ ಇಂಥ ಉಳಿವನ್ನು ಪಾಲನೆಯೆನ್ನಲಾಗದು.

೩

ಪಾಲನೆಯನ್ನು ಒಂದು ಸಂಸ್ಥೆಯ ಹೊಣೆಯನ್ನಾಗಿ ಮಾಡಿದ ಕೀರ್ತಿಯು ಸಾನ್ ಫ್ರಾನ್ಸಿಸ್ಕೊ ನಗರಕ್ಕೆ ಸಲ್ಲುತ್ತದೆ. ೧೯೮೦ರಲ್ಲಿ ಅಲ್ಲಿನ ವಿಮಾನನಿಲ್ದಾಣದ ಮಂಡಲಿಯು ನಗರದ ಕಲಾಸಂಗ್ರಹಾಲಯಗಳೊಡನೆ ಕೂಡಿ, ನಿಲ್ದಾಣದಲ್ಲಿಯೇ ಸಂಗ್ರಹಾಲಯವನ್ನು ಸ್ಥಾಪಿಸಿತು. ಮಂದಿರಗಳ ಮೊಗಸಾಲೆಗಳಲ್ಲಿ ಗಾಜಿನ ಕಪಾಟುಗಳನ್ನಿರಿಸಿ, ಪಿಂಗಾಣಿ, ನೆಯ್ಗೆ, ವಾದ್ಯ, ಆಟಿಕೆ ಮೊದಲಾದುವನ್ನು ಕಾಲಕಾಲಕ್ಕೆ ಬದಲಾಯಿಸಿ ತೋರಿಸುವುದು ಅದರ ಕ್ರಮ. ೧೯೯೯ರಲ್ಲಿ ಅಮೆರಿಕಾದ ಸಂಗ್ರಹಾಲಯಗಳ ಸಂಘವು ಅದಕ್ಕೆ ಮಾನ್ಯತೆಯನ್ನು ಕೊಟ್ಟಿತು. ವಿಮಾನನಿಲ್ದಾಣದೊಳಗಿನ ಸಂಗ್ರಹಾಲಯಕ್ಕೆ ಇಂಥ ಮನ್ನಣೆ ದೊರೆತುದು ಅದೇ ಮೊದಲು. ಆಮ್‌ಸ್ಟರ್‌ಡಾಮಿನ ಸ್ಖಿಪೋಲ್ ನಿಲ್ದಾಣದಲ್ಲಿ ಹಾಲೆಂಡಿನ ರಾಷ್ಟ್ರೀಯ ಸಂಗ್ರಹಾಲಯವಾದ ರೈಕ್ಸ್ ಮ್ಯೂಸಿಯಂ ೨೦೦೨ರಲ್ಲಿ ತನ್ನ ಶಾಖೆಯೊಂದನ್ನು ತೆರೆದುದೂ ಈ ಮಾರ್ಗದ್ದೇ. ಇಲ್ಲೆಲ್ಲ ವಸ್ತುವಿಗೆ ಪಾಲಕನೊಬ್ಬನುಂಟು; ಅದರ ಜಾತಕವು ಬರೆವಣಿಗೆಯಲ್ಲುಂಟು.

ಮೊದಲ ಕಾಲದ ಚಿತ್ರಗಳ ವಿಷಯವು ಹಾರಾಟ; ಎರಡನೆಯ ಕಾಲದಲ್ಲಿ ಕಲಾವಸ್ತುವೇ ಪ್ರಧಾನವಾಯಿತು. ನೆಲದ ಮಾತು ಮುಂದೆ ಬಂದುದು ಅನಂತರ. ಇದಕ್ಕೆ ಕೆನಡಾದ ಪಶ್ಚಿಮತೀರದ ವ್ಯಾಂಕೂವರ್ ನಿಲ್ದಾಣವು ಉತ್ತಮ ನಿದರ್ಶನವಾಗಿದೆ. ೧೯೯೬ರಲ್ಲಿ ಅಲ್ಲಿ ಬಿಲ್ ರೀಡ್ ಎಂಬ ಶಿಲ್ಪಿಯ ಹಸುರು ಛಾಯೆಯ ಕಂಚಿನ ದೋಣಿಯೊಂದನ್ನು ಸ್ಥಾಪಿಸಿದರು. ತಾಯಿಯ ಕಡೆಯಿಂದ ಈತನು ಹೈಡಾ ಎಂಬ ಮೂಲನಿವಾಸಿ ಜನಕ್ಕೆ ಸೇರಿದವನು. ಕಾಗೆಯ ಜಾತಿಯ ರೇವನ್, ಕರಡಿ, ಹದ್ದು, ತೋಳ, ಮನುಷ್ಯ ಇವೆಲ್ಲ ಒಂದೇ ದೋಣಿಯಲ್ಲಿ ಒತ್ತಿಕೊಂಡು, ಒಂದರ ಮೇಲೊಂದು ಮುನಿದರೂ ಕೂಡಿ ಹುಟ್ಟುಹಾಕುತ್ತಿರುವುದು ಅದರ ರಚನೆ. ಇದೇ ಅಚ್ಚಿನ ಕಪ್ಪುಛಾಯೆಯ ಮೊದಲ ಎರಕವನ್ನು ೧೯೯೧ರಲ್ಲಿ ವಾಷಿಂಗ್ಟನ್ನಿನ ಕೆನಡಾ ರಾಯಭಾರಮಂದಿರದಲ್ಲಿ ನಿಲ್ಲಿಸಿದ್ದರು.

ಆದರೆ ಹೈಡಾ ಜನರ ದ್ವೀಪಗಳು ವ್ಯಾಂಕೂವರಿನಿಂದ ಬಹುದೂರ ಉತ್ತರಕ್ಕಿವೆ. ನಿಲ್ದಾಣವಿರುವ ನೆಲವು ಮಸ್ಕ್ವೀಯಂ ಎಂಬ ಮತ್ತೊಂದು ಜನದ್ದು. ಆದುದರಿಂದ ಹೊರದೇಶದಿಂದ ಬಂದಿಳಿಯುವವರ ಶಾಲೆಯಲ್ಲಿ ಮಸ್ಕ್ವೀಯಂ ಜನದ ಶಿಲ್ಪಿ ಸೂಸನ್ ಪಾಯಿಂಟ್ ಎಂಬಾಕೆಯ ಕೃತಿಗಳಿಗೆ ಸ್ಥಾನವು ದೊರೆತಿದೆ. ಸುಮಾರು ೧೭ ಅಡಿ ಎತ್ತರದ ಸ್ತ್ರೀಪುರುಷ ಪ್ರತಿಮೆಗಳು ಮನೆಯ ಯಜಮಾನರಂತೆ ಅತಿಥಿಗಳನ್ನು ಎದುರುಗೊಳ್ಳುವುವು. ಅವುಗಳೊಡನೆ ಕೆಂಪು ಸೀಡರ್ ಮರದಲ್ಲಿ ಕೆತ್ತಿದ, ಸುಮಾರು ೧೬ ಅಡಿ ಅಡ್ಡಳತೆಯ ಕದಿರಿನ ಬಿಲ್ಲೆಯೊಂದಿದೆ. ಉಣ್ಣೆ ನೂಲುವ ಹೆಂಗಸರ ಕೈಯಲ್ಲಿ ತಿರುಗುತ್ತಿದ್ದ ಸಣ್ಣ ಉಪಕರಣವು ಇಲ್ಲಿ ದ್ವಾರದ ಅಲಂಕಾರವಾಗಿದೆ. ೨೦೧೭ರಲ್ಲಿ ನಿಲ್ದಾಣದ ಆಡಳಿತವೂ ಮಸ್ಕ್ವೀಯಂ ಜನವೂ ೩೦ ವರ್ಷಗಳ ಮೈತ್ರಿಯ ಒಪ್ಪಂದವನ್ನು ಮಾಡಿಕೊಂಡುವು. ನಿಲ್ದಾಣದ ಆದಾಯದಲ್ಲಿ ಪಾಲು, ಉದ್ಯೋಗ, ವಿದ್ಯಾಭ್ಯಾಸ ಇವುಗಳ ಏರ್ಪಾಡು ಅದರಲ್ಲಿದೆ. ಒಂದು ಜನದ ಪ್ರತಿಮೆಯನ್ನು ಬಾಗಿಲಲ್ಲಿ ನಿಲ್ಲಿಸಿ ಆ ಜನವನ್ನು ಹೊರಗಿರಿಸುವುದು ಆತಿಥ್ಯವಲ್ಲವೆಂಬುದನ್ನು ಒಪ್ಪಿಕೊಂಡ ಮೇಲೆ ಮಾತ್ರ ಇಂಥ ಒಪ್ಪಂದಗಳು ಹುಟ್ಟುವುವು.

೪

ಭಾರತದಲ್ಲಿ ಈ ರೂಢಿಯ ಪೂರ್ವರಂಗವನ್ನು ಏರ್ ಇಂಡಿಯಾ ಸಂಸ್ಥೆಯಲ್ಲಿ ಕಾಣಬಹುದು. ಅದು ೧೯೫೦ರ ದಶಕದಿಂದ ತನ್ನ ಕಚೇರಿಗಳ ಅಲಂಕಾರಕ್ಕಾಗಿ ಹುಸೇನ್, ಗಾಯತೊಂಡೆ ಮೊದಲಾದವರ ಚಿತ್ರಗಳನ್ನೂ ಹಳೆಯ ಶಿಲ್ಪ ವಸ್ತ್ರಾದಿಗಳನ್ನೂ ಕೂಡಿಹಾಕುತ್ತ ಬಂದಿತು. ೨೦೨೨ರಲ್ಲಿ ಸಂಸ್ಥೆಯು ಖಾಸಗಿಯವರಿಗೆ ಸೇರಿದ ಮೇಲೆ, ೨೦೨೩ರಲ್ಲಿ ಈ ಸಂಗ್ರಹವನ್ನು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಶಾಲೆಗೆ ಒಪ್ಪಿಸುವ ನಿರ್ಣಯವಾಯಿತು. ಒಡೆತನವು ಬದಲಾಗುವಾಗ ಸಂಗ್ರಹವು ಚದುರದಂತೆ ಪಾಲಕನನ್ನು ಗೊತ್ತುಮಾಡಿದುದು ವಿವೇಕದ ಕಾರ್ಯ.

ದೆಹಲಿಯ ಮೂರನೆಯ ಟರ್ಮಿನಲ್ ೨೦೧೦ರಲ್ಲಿ ತೆರೆಯಿತು. ಅಲ್ಲಿ ತಾಮ್ರವರ್ಣದ ಬಿಲ್ಲೆಗಳಿಂದ ತುಂಬಿದ ಎತ್ತರವಾದ ಗೋಡೆಯಿಂದ ಬೃಹದಾಕಾರದ ಹಸ್ತಮುದ್ರೆಗಳು ಹೊರಚಾಚಿರುವುವು. ನಾಟ್ಯಶಾಸ್ತ್ರವನ್ನು ಓದಿದವರು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ಹಸ್ತವು ಹೋದೆಡೆಗೆ ದೃಷ್ಟಿಯೂ ದೃಷ್ಟಿಯೊಡನೆ ಮನಸ್ಸೂ ಹೋಗಬೇಕೆಂದು ಲಕ್ಷಣಕಾರರ ಮತ. ಕಣ್ಣಿಲ್ಲದ, ದೇಹವಿಲ್ಲದ ಹಸ್ತವು ವಾಕ್ಯದಿಂದ ಕಿತ್ತ ಪದದಂತೆ ಅರ್ಥಶೂನ್ಯವಾಗದೆ? ಇದಕ್ಕೆ ಸಮಾಧಾನವುಂಟು. ಅಭಯ, ವರದ ಮೊದಲಾದ ಹಸ್ತಗಳು ಪ್ರತಿಮಾಶಾಸ್ತ್ರದಲ್ಲಿ ನೃತ್ಯದ ನೆರವಿಲ್ಲದೆಯೂ ಅರ್ಥವನ್ನು ಕೊಡುವುವು. ಅಪರಿಚಿತ ನಾಡಿನಲ್ಲಿ ಇಳಿದವನಿಗೆ ಭಾಷೆಯಿಲ್ಲದೆ ತಿಳಿಯುವ ಮೊದಲ ಮಾತು ಕೈಸನ್ನೆಯೇ. ಆದರೂ ಮುದ್ರೆಯ ಹೆಸರು, ವಿನಿಯೋಗಗಳನ್ನು ಬರೆದಿಡದಿದ್ದರೆ ಆಕ್ಷೇಪವು ಪೂರ್ತಿಯಾಗಿ ಪರಿಹಾರವಾಗದು.

ಮುಂಬಯಿಯ ಎರಡನೆಯ ಟರ್ಮಿನಲ್ ೨೦೧೪ರ ಜನವರಿಯಲ್ಲಿ ಉದ್ಘಾಟಿತವಾಯಿತು. ರಾಜೀವ್ ಸೇಠಿಯವರ ಸಂಯೋಜನೆಯಲ್ಲಿ ಅಲ್ಲಿ ರೂಪುಗೊಂಡ ‘ಜಯ ಹೇ’ ಎಂಬ ಕಲಾಭಿತ್ತಿಯಲ್ಲಿ ದೇಶದ ನಾನಾ ಭಾಗಗಳ ೫,೦೦೦ಕ್ಕೂ ಮೀರಿದ ವಸ್ತುಗಳು ಸೇರಿದುವು; ಹಳೆಯ ಮನೆಗಳ ಮರದ ಬಾಗಿಲುಗಂಬಗಳೂ ಗುಡಿಯ ಕೆತ್ತನೆಗಳೂ ಹೊಸದಾಗಿ ಮಾಡಿಸಿದ ಕೃತಿಗಳೂ ಅದರಲ್ಲಿ ಬೆರೆತಿವೆ. ಪರಿಮಾಣದಲ್ಲಿ ಇದಕ್ಕೆ ಸಮಾನವಾದುದು ವಿರಳ. ೨೦೨೧ರಲ್ಲಿ ನಿಲ್ದಾಣದ ಆಡಳಿತವು ಒಂದು ವ್ಯಾಪಾರಸಂಸ್ಥೆಯಿಂದ ಮತ್ತೊಂದಕ್ಕೆ ಹೋಯಿತು. ಕಟ್ಟಿಸಿದವರು ಏಳು ವರ್ಷಗಳಲ್ಲಿ ಬದಲಾದರು. ಗೋಡೆಯಲ್ಲಿ ನಿಂತ ವಸ್ತುಗಳಲ್ಲಿ ಹಲವಕ್ಕೆ ಶತಮಾನಗಳ ಆಯುಸ್ಸು. ವಸ್ತುವಿನ ಆಯುಸ್ಸಿಗೆ ತಕ್ಕ ಆಯುಸ್ಸುಳ್ಳ ಪಾಲಕನು ಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆಯಿಲ್ಲ.

೫

ಬೆಂಗಳೂರಿನ ನಿಲ್ದಾಣವು ದೇವನಹಳ್ಳಿಯ ಬಳಿ ೨೦೦೮ರ ಮೇ ತಿಂಗಳಲ್ಲಿ ಆರಂಭವಾಗಿ, ೨೦೧೩ರಲ್ಲಿ ಕೆಂಪೇಗೌಡನ ಹೆಸರನ್ನು ಪಡೆಯಿತು. ಅದರ ಎರಡನೆಯ ಟರ್ಮಿನಲ್ಲೂ, ರಾಮ ಸುತಾರರು ರೂಪಿಸಿದ ೧೦೮ ಅಡಿ ಎತ್ತರದ ಕೆಂಪೇಗೌಡನ ಕಂಚಿನ ಪ್ರತಿಮೆಯೂ ೨೦೨೨ರ ನವೆಂಬರ್ ೧೧ರಂದು ಉದ್ಘಾಟಿತವಾದುವು. ೨೦೨೩ರ ಜನವರಿಯಿಂದ ದೇಶದೊಳಗಿನ ವಿಮಾನಗಳೂ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೂ ಅಲ್ಲಿಂದ ಹೊರಡತೊಡಗಿದುವು. ಉದ್ಯಾನದೊಳಗಿನ ಮಂದಿರವೆಂಬುದು ಇದರ ಕಲ್ಪನೆ: ಛಾವಣಿಗೆ ಸಂಸ್ಕರಿಸಿದ ಬಿದಿರಿನ ಹಂದರ, ಮೇಲಿಂದ ಇಳಿಬಿಟ್ಟ ತೂಗುಬಳ್ಳಿಗಳು, ಒಳಗೂ ಹೊರಗೂ ಹಸುರು. ಪೂರ್ತಧರ್ಮದಲ್ಲಿ ಹೇಳಿದ ಆರಾಮವೂ ಪಥಿಕಶಾಲೆಯೂ ಇಲ್ಲಿ ಒಂದಾಗಿವೆಯೆನ್ನಬಹುದು.

ಇಲ್ಲಿಯ ಕಲಾಕೃತಿಗಳಿಗೆ ಕರ್ನಾಟಕವನ್ನೂ ‘ನೌರಸ’ವನ್ನೂ ವಿಷಯವನ್ನಾಗಿ ಆರಿಸಿಕೊಂಡಿರುವರು. ಈ ಎರಡನೆಯ ಶಬ್ದಕ್ಕೆ ಕನ್ನಡನಾಡಿನಲ್ಲಿ ಎರಡು ವಂಶಗಳುಂಟು. ಒಂದು ಭರತನಿಂದ ಬಂದುದು; ಅವನು ಹೇಳಿದ ಎಂಟು ರಸಗಳಿಗೆ ಶಾಂತವು ಒಂಬತ್ತನೆಯದಾಗಿ ಸೇರಿ ನವರಸವಾಯಿತು. ಮತ್ತೊಂದು ಬಿಜಾಪುರದ್ದು. ೧೫೮೦ರಿಂದ ೧೬೨೭ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ದಖನಿ ಭಾಷೆಯಲ್ಲಿ ರಾಗಬದ್ಧವಾದ ಗೀತೆಗಳನ್ನು ರಚಿಸಿ ‘ಕಿತಾಬೆ ನೌರಸ್’ ಎಂದು ಹೆಸರಿಟ್ಟನು. ಸರಸ್ವತಿಯ ಮತ್ತು ಗಣಪತಿಯ ಸ್ತುತಿಗಳು ಅದರಲ್ಲಿವೆ. ಕಲಾವಿದರಿಗಾಗಿ ಬಿಜಾಪುರದ ಪಕ್ಕದಲ್ಲಿ ೧೫೯೯ರಲ್ಲಿ ನೌರಸಪುರವೆಂಬ ನಗರವನ್ನೇ ಕಟ್ಟಿಸತೊಡಗಿದನು. ೧೬೨೪ರಲ್ಲಿ ಅಹಮದನಗರದ ಮಲಿಕ್ ಅಂಬರನು ಅದನ್ನು ಹಾಳುಗೆಡಹಿದನು. ಈಗ ಅಲ್ಲಿರುವುದು ಪಾಳುಗೋಡೆಗಳು. ನೌರಸವೆಂಬ ಹೆಸರನ್ನು ಹೊತ್ತ ಶಾಲೆಗೆ ಈ ಕಥೆಯು ಎಚ್ಚರಿಕೆಯಾಗಿರಲು ಯೋಗ್ಯವಾಗಿದೆ.

ಕರ್ನಾಟಕದ ಕಲೆಗಳನ್ನು ಪ್ರಯಾಣಿಕನ ಮುಂದಿಡುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಒಂದನೆಯದು ದೇಶ ಮತ್ತು ಪ್ರಯೋಗ. ಬಿದರಿಯ ಬಟ್ಟಲಿನ ಕಪ್ಪು ಬಣ್ಣವು ಬೀದರ ಕೋಟೆಯ ಮಣ್ಣಿನಿಂದ ಬರುವುದು. ಅದನ್ನು ಹೇಳದೆ ಬಟ್ಟಲನ್ನು ಮಾತ್ರ ತೋರಿಸಿದರೆ ಅದು ಬರಿಯ ಬೆಳ್ಳಿಗೆಲಸವಾಗಿ ಕಾಣುವುದು. ತೊಗಲುಗೊಂಬೆಗೆ ಜೀವವು ಪರದೆಯ ಹಿಂದಿನ ದೀಪದಿಂದಲೂ ಸೂತ್ರಧಾರನ ಕಂಠದಿಂದಲೂ ಬರುವುದು. ಗಾಜಿನ ಪೆಟ್ಟಿಗೆಯಲ್ಲಿ ಹಗಲುಬೆಳಕಿಗಿಟ್ಟ ಗೊಂಬೆಯು ಅರ್ಧಗೊಂಬೆ. ಆದುದರಿಂದ ಹಿಂದಿನಿಂದ ಬೆಳಕು ಕೊಡುವುದು, ಆಡಿಸುವವರನ್ನು ಆಗಾಗ ಕರೆಯಿಸಿ ಆಡಿಸುವುದು, ಇವು ಪ್ರದರ್ಶನದ ಅಂಗಗಳೇ ಹೊರತು ಮೇಲುಸೊಗಸುಗಳಲ್ಲ.

ಎರಡನೆಯದು ಕರ್ತೃವಿನ ಹೆಸರು. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದನು. ಅಲ್ಲಿನ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನೂ ಊರನ್ನೂ ತಂದೆಯನ್ನೂ ಬಿರುದುಗಳನ್ನೂ ಕೆತ್ತಿಕೊಂಡಿರುವರು. ಅರಸನ ಕೀರ್ತಿಗಾಗಿ ಕಟ್ಟಿದ ದೇವಾಲಯದಲ್ಲಿ ಉಳಿಯ ಕೆಲಸದವನಿಗೆ ಇಷ್ಟು ಮರ್ಯಾದೆಯಿದ್ದ ನಾಡಿನಲ್ಲಿ, ಇಂದಿನ ಕುಶಲಕರ್ಮಿಯ ಕೃತಿಯನ್ನು ‘ಕರ್ನಾಟಕದ ಜಾನಪದಕಲೆ’ ಎಂಬ ಒಂದೇ ಪಟ್ಟಿಯ ಕೆಳಗೆ ಹೆಸರಿಲ್ಲದೆ ನಿಲ್ಲಿಸುವುದು ಸಂಪ್ರದಾಯಕ್ಕೆ ವಿರುದ್ಧವಾದುದು. ನಗರದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಹೆಬ್ಬಾಳದಲ್ಲಿ ಸುಮಾರು ಕ್ರಿ. ಶ. ೭೫೦ರ, ಗಂಗ ಶ್ರೀಪುರುಷನ ಕಾಲದ ವೀರಗಲ್ಲೊಂದಿದೆ. ೨೦೧೮ರಲ್ಲಿ ಮಣ್ಣಿನಿಂದ ಹೊರಬಂದ ಅದನ್ನು ಆಸಕ್ತರು ಮುಂದೆ ನಿಂತು ರಕ್ಷಿಸಿದರು. ಹೋರಾಡಿ ಮಡಿದ ಕಿತ್ತಯ್ಯನೆಂಬವನನ್ನು ಸಾವಿರದಿನ್ನೂರು ವರ್ಷಗಳ ಮೇಲೆಯೂ ಲೋಕವು ಬಲ್ಲುದಕ್ಕೆ ಕಾರಣವು ಅವನ ಹೆಸರನ್ನು ಬರೆದಿಟ್ಟುದೊಂದೇ.

೬

ಮೇಲಿನ ಸಂಗತಿಗಳಿಂದ ಏರ್ಪಡುವ ಸಿದ್ಧಾಂತವು ಹೊಸದಲ್ಲ. ನಮ್ಮ ತಾಮ್ರಶಾಸನಗಳ ಕೊನೆಯಲ್ಲಿ ತಪ್ಪದೆ ಬರುವ ಶ್ಲೋಕಗಳಲ್ಲಿ, ದಾನ ಮತ್ತು ಪಾಲನ ಇವೆರಡರಲ್ಲಿ ಪಾಲನವೇ ಮೇಲೆಂದು ಹೇಳಿದೆ. ಕೊಟ್ಟವನ ಹೆಸರು ಕೊಟ್ಟ ದಿನವೇ ಹಬ್ಬುವುದು; ಕಾಯುವವನಿಗೆ ಪ್ರತಿದಿನವೂ ಕೆಲಸ, ಹೆಸರು ಅಪರೂಪ. ಅದನ್ನು ಅರಿತೇ ಶಾಸನಕಾರರು ಆ ಕೆಲಸಕ್ಕೆ ಅಧಿಕಫಲವನ್ನು ವಿಧಿಸಿರಬೇಕು. ನೆವಾರ್ಕಿನಲ್ಲಿ ದಾನವು ನಡೆಯಿತು, ಪಾಲನವು ನಡೆಯಲಿಲ್ಲ. ಹತ್ತರಲ್ಲಿ ಎಂಟು ಹೋದುವು. ಸಾನ್ ಫ್ರಾನ್ಸಿಸ್ಕೊದಲ್ಲಿ ಪಾಲನವನ್ನೇ ಮೊದಲು ಏರ್ಪಡಿಸಿದರು.

ವಿಮಾನನಿಲ್ದಾಣದ ಕಟ್ಟಡವು ದೇವಾಲಯದಂತೆ ನೂರಾರು ವರ್ಷ ನಿಲ್ಲತಕ್ಕುದಲ್ಲ. ಪ್ರಯಾಣಿಕರು ಹೆಚ್ಚಿದಂತೆ ಅದನ್ನು ಒಡೆದು ವಿಸ್ತರಿಸುವುದು ಅನಿವಾರ್ಯ. ಆದುದರಿಂದ ಗೋಡೆಯೊಡನೆ ಕೃತಿಯೂ ಹೋಗದಂತೆ ಈಗಲೇ ಕಟ್ಟಳೆಯಾಗಬೇಕು. ಪ್ರತಿಯೊಂದು ಕೃತಿಗೂ ಮಾಡಿದವರ ಹೆಸರು, ಊರು, ದ್ರವ್ಯ, ಮಾಡಿದ ಕ್ರಮ, ವರ್ಷ ಇವುಗಳನ್ನುಳ್ಳ ದಾಖಲೆಪುಸ್ತಕವಿರಬೇಕು. ಅದರ ಒಂದು ಪ್ರತಿಯು ನಿಲ್ದಾಣದ ಹೊರಗೆ, ಸರಕಾರದ ಸಂಗ್ರಹಾಲಯದಲ್ಲಿಯೋ ವಿಶ್ವವಿದ್ಯಾನಿಲಯದಲ್ಲಿಯೋ ಇರಬೇಕು. ಕೃತಿಯ ಪಕ್ಕದ ಬರೆಹವು ಕನ್ನಡದಲ್ಲಿಯೂ ಇರಬೇಕು. ಏಕೆಂದರೆ ಆ ಮಾರ್ಗವಾಗಿ ಹೋಗುವ ಬೀದರದ ಅಥವಾ ಚನ್ನಪಟ್ಟಣದ ಕುಶಲಕರ್ಮಿಯು ತನ್ನವರ ಹೆಸರನ್ನು ತನ್ನ ಅಕ್ಷರದಲ್ಲಿ ಓದಿಕೊಳ್ಳುವ ಹಾಗಾಗಬೇಕು. ಆಡಳಿತವು ಕೈಬದಲಾಗುವಾಗ ಈ ದಾಖಲೆಯೂ ಕೃತಿಗಳೂ ಎಣಿಕೆಯ ಪ್ರಕಾರ ಒಪ್ಪಿಸಲ್ಪಡಬೇಕು.

ನಾಣೇಘಾಟದ ಗುಹೆಯಲ್ಲಿ ಪ್ರತಿಮೆಗಳು ಹೋದ ಮೇಲೂ ಅಲ್ಲಿ ಯಾರಿದ್ದರೆಂದು ತಿಳಿಯುತ್ತಿರುವುದು ಅಂದಿನವರು ಬರೆಯಿಸಿದ ನಾಲ್ಕಾರು ಅಕ್ಷರಗಳಿಂದ. ಆದರೆ ಆ ಪ್ರತಿಮೆಗಳನ್ನು ಕೆತ್ತಿದವರು ಯಾರೆಂಬುದನ್ನು ಅಲ್ಲಿಯೂ ಬರೆದಿಲ್ಲ. ದೇವನಹಳ್ಳಿಯ ಶಾಲೆಯಲ್ಲಿ ಆ ಕೊರತೆಯನ್ನು ತುಂಬುವುದಕ್ಕೆ ಇನ್ನೂ ಕಾಲವಿದೆ. ಮಾಡಿದವರಲ್ಲಿ ಬಹುಮಂದಿ ಇಂದಿಗೂ ತಮ್ಮ ಊರುಗಳಲ್ಲಿ ಕೆಲಸದಲ್ಲಿರುವರು.